ಮಕ್ಕಳ ಸಂತೆಯ ಮಾರನೇ ದಿನ

ದೀಪಾವಳಿ ಕಳೆದು ವಾರ್ಷಿಕ ಪರೀಕ್ಷೆಯ ಬಿಸಿ ಏರುವ ಮುನ್ನ ನಮ್ಮ ಸರ್ಕಾರಿ ಶಾಲೆಗಳ ಅಂಗಳದಲ್ಲಿ ಒಂದು ದಿನ ಸಂತೆ ನೆರೆಯುತ್ತದೆ. ಮಕ್ಕಳ ಸಂತೆ ಅನ್ನುತ್ತಾರೆ, ಮೆಟ್ರಿಕ್ ಮೇಳ ಅಂತಲೂ ಕರೆಯುತ್ತಾರೆ. ಹಿತ್ತಲಿನ ಬಸಳೆ, ಕರಿಬೇವು, ನುಗ್ಗೆಕಾಯಿ, ಹೊಲದ ಅವರೆಕಾಯಿ, ಅಜ್ಜಿ ಕರಿದುಕೊಟ್ಟ ಕೋಡುಬಳೆ, ಅಪ್ಪನ ಅಂಗಡಿಯಿಂದ ಬಂದ ಪೆನ್ನು ಪೆನ್ಸಿಲ್ಲು, ಸ್ಟೀಲ್ ಕೊಡದಲ್ಲಿ ಮಜ್ಜಿಗೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಟೇಪು ಕತ್ತರಿಸಿ ಬೋಣಿ ಮಾಡುತ್ತಾರೆ. ಹತ್ತೇ ನಿಮಿಷಕ್ಕೆ ಅಂಗಳದ ತುಂಬ ಗದ್ದಲ. ತರಗತಿಯಲ್ಲಿ ಹಾಜರಿ ಕೂಗಿದರೆ ‘ಎಸ್ ಮಿಸ್’ ಅನ್ನಲೂ ನಾಚುವ ಹುಡುಗ ‘ಬನ್ನಿ ಅಕ್ಕಾ, ಬನ್ನಿ ಅಣ್ಣಾ, ಕಟ್ಟಿಗೆ ಐದೇ ರೂಪಾಯಿ’ ಎಂದು ಗಂಟಲು ಹರಿದುಕೊಳ್ಳುತ್ತಿರುತ್ತಾನೆ.

ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಇದು ಗಣಿತದ ಚಟುವಟಿಕೆ. ಕಿಲೋ, ಲೀಟರು, ಮೀಟರು ಕೈಗೆ ಹತ್ತಬೇಕು, ಕೂಡುವುದು ಕಳೆಯುವುದು ಚಿಲ್ಲರೆ ಕೊಡುವಾಗ ತಾನಾಗಿ ಬರಬೇಕು. ಅದು ಬರುತ್ತದೆ ಕೂಡ. ಮಾರನೇ ದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಮಕ್ಕಳ ಸಂತೆಯಲ್ಲಿ ಭರ್ಜರಿ ವ್ಯಾಪಾರ’ ಎಂಬ ಶೀರ್ಷಿಕೆ, ಸೊಪ್ಪಿನ ಕಟ್ಟು ಹಿಡಿದು ನಿಂತ ಗಣ್ಯರ ಫೋಟೊ, ಇಷ್ಟು ಸಾವಿರದ ವಹಿವಾಟು ಎಂಬ ಅಂಕಿ. ಶಾಲೆಯಲ್ಲಿ ಅಷ್ಟು ಹೊತ್ತಿಗೆ ಸಮಾಜ ವಿಜ್ಞಾನದ ಮುಂದಿನ ಪಾಠ ಶುರುವಾಗಿರುತ್ತದೆ. ಸಂತೆಯ ಮಾತು ಅಲ್ಲಿಗೆ ಮುಗಿಯಿತು.

ವಿದ್ಯಾರ್ಥಿಗಳಿಗೆ ಉದ್ಯಮಶೀಲತೆ ಕಲಿಸಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಭಾಷಣಗಳಲ್ಲಿ ಅದಿದೆ, ಸರ್ಕಾರಿ ಯೋಜನೆಗಳಲ್ಲಿ ಅದಿದೆ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದಕ್ಕೊಂದು ಪ್ರತ್ಯೇಕ ಘಟಕವೇ ಇದೆ, ಗಾಜಿನ ಬಾಗಿಲಿನ ಕೋಣೆಯೂ ಇದೆ. ಹಾಗೆ ನೋಡಿದರೆ ಕಲಿಸಲು ಬೇಕಾದ ಸರಕು ಹಳ್ಳಿ ಶಾಲೆಯ ಅಂಗಳದಲ್ಲಿ ಆಗಲೇ ಬಿದ್ದಿದೆ. ಅದನ್ನು ನಾವು ಅರ್ಧಕ್ಕೆ ಕೈಬಿಡುತ್ತಿದ್ದೇವೆ ಎಂಬುದೇ ನನ್ನ ತಕರಾರು. ಸಂತೆಯ ದಿನ ಮಕ್ಕಳು ಮಾರುತ್ತಾರೆ. ಕಲಿಯಬೇಕಾದದ್ದು ಬಹುಪಾಲು ಮಾರನೇ ದಿನಕ್ಕೆ ಉಳಿದಿರುತ್ತದೆ.

ಮುನ್ನೂರು ಐವತ್ತಾದದ್ದು

ಚುರುಮುರಿ ಮಾರಿದ ಏಳನೇ ತರಗತಿಯ ಹುಡುಗಿಯೊಬ್ಬಳನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆಂದು ನಾನೇ ಹಾಕಿಕೊಂಡವು. ಹುಡುಗಿ ಮಾತ್ರ ಎಲ್ಲ ಸಂತೆಗಳಲ್ಲೂ ಇರುತ್ತಾಳೆ. ಮಂಡಕ್ಕಿ, ಕಡಲೆಬೀಜ, ನಿಂಬೆಹಣ್ಣು, ಪೊಟ್ಟಣದ ಕಾಗದ ಎಂದು ಅಂಗಡಿಗೆ 140 ರೂಪಾಯಿ ಕೊಟ್ಟಳು. ಪೊಟ್ಟಣಕ್ಕೆ 10 ರೂಪಾಯಿಯಂತೆ 40 ಪೊಟ್ಟಣ ಖರ್ಚಾದವು. ಸಂಜೆ ಡಬ್ಬಿ ಮಗುಚಿ ಎಣಿಸಿದರೆ 440 ರೂಪಾಯಿ. ‘ಮಿಸ್, 300 ರೂಪಾಯಿ ಲಾಭ!’ ಮಿಸ್ ಬೆನ್ನು ತಟ್ಟಿದರು. ಎಲ್ಲರೂ ಚಪ್ಪಾಳೆ ಹೊಡೆದರು.

ಮಾರನೇ ದಿನ ಒಂದು ಪೀರಿಯಡ್ ಸಿಕ್ಕಿದ್ದರೆ ಮಿಸ್ ಮೊದಲು ಕೇಳಬೇಕಾದದ್ದು: 40 ಪೊಟ್ಟಣಕ್ಕೆ 400 ತಾನೇ, 440 ಹೇಗೆ ಬಂತು? ಹುಡುಗಿ ತಲೆ ಕೆರೆದುಕೊಂಡು ನೆನಪಿಸಿಕೊಳ್ಳುತ್ತಾಳೆ. ಸೋದರಮಾವ ಬಂದಿದ್ದ, ಒಂದು ಪೊಟ್ಟಣ ತೆಗೆದುಕೊಂಡು 50ರ ನೋಟು ಕೊಟ್ಟು ಚಿಲ್ಲರೆ ಬೇಡ ಅಂದ. ಆ 40 ರೂಪಾಯಿ ಮಾವನ ಪ್ರೀತಿ, ವ್ಯಾಪಾರದ ಹುಟ್ಟುವಳಿಯಲ್ಲ. ಉಳಿದದ್ದು 260. ಈರುಳ್ಳಿ, ಟೊಮೆಟೊ, ಕ್ಯಾರೆಟ್ಟು, ಕೊತ್ತಂಬರಿ, ಎಣ್ಣೆ ಎಲ್ಲಿಂದ ಬಂತು? ಮನೆಯಿಂದ. ಮನೆಗೆ ಎಲ್ಲಿಂದ ಬಂತು? ಅಪ್ಪ ದುಡ್ಡು ಕೊಟ್ಟು ತಂದದ್ದು. ಅದಕ್ಕೆ 110 ಹಿಡಿಯೋಣ, ಉಳಿಯಿತು 150. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಗಂಟೆ ಕೂತು ಹೆಚ್ಚಿಕೊಟ್ಟದ್ದು ಯಾರು? ಅಮ್ಮ. ಅದೇ ಕೆಲಸಕ್ಕೆ ಹೊರಗಿನವರನ್ನು ಕರೆದಿದ್ದರೆ 100 ರೂಪಾಯಿಯಾದರೂ ಕೊಡಬೇಕಿತ್ತು. ಈಗ ಕೈಯಲ್ಲಿರುವುದು 50. ಆ 40 ಪೊಟ್ಟಣಗಳಲ್ಲಿ ಎಷ್ಟನ್ನು ಮೇಷ್ಟ್ರುಗಳು, ನೆಂಟರು, ಗೆಳತಿಯರ ಅಮ್ಮಂದಿರು ಮುಲಾಜಿಗೆ ಕೊಂಡರು ಎಂದು ಕೇಳಿದರೆ ಅದೂ ಅಲ್ಲಾಡತೊಡಗುತ್ತದೆ.

ಮಗುವಿನ ಉತ್ಸಾಹಕ್ಕೆ ಯಾಕೆ ತಣ್ಣೀರು ಎರಚಬೇಕು ಎಂದು ಕೆಲವು ಶಿಕ್ಷಕರು ಕೇಳಬಹುದು. ತಣ್ಣೀರು ಎರಚುವುದು ಇಲ್ಲಿಯ ಉದ್ದೇಶವಲ್ಲ. ಊರಿನ ರಸ್ತೆಬದಿಯಲ್ಲಿ ದೊಡ್ಡವರು ನಡೆಸುವ ಎಷ್ಟೋ ಅಂಗಡಿ, ಕ್ಯಾಂಟೀನುಗಳು ಇದೇ 300ರ ಲೆಕ್ಕದಲ್ಲಿ ನಡೆಯುತ್ತಿರುತ್ತವೆ. ಕಟ್ಟಡ ಸ್ವಂತದ್ದು, ಬಾಡಿಗೆ ಬರೆಯುವುದಿಲ್ಲ. ಹೆಂಡತಿ ಅಡುಗೆ ಮಾಡುತ್ತಾಳೆ, ಸಂಬಳ ಬರೆಯುವುದಿಲ್ಲ. ಮಗ ಕಾಲೇಜು ಮುಗಿಸಿ ಬಂದು ಗಲ್ಲಾದಲ್ಲಿ ಕೂರುತ್ತಾನೆ, ಅದನ್ನೂ ಬರೆಯುವುದಿಲ್ಲ. ದಿನದ ಕೊನೆಗೆ ಗಲ್ಲಾದಲ್ಲಿ ನೋಟು ಕಾಣುತ್ತದೆ, ವರ್ಷದ ಕೊನೆಗೆ ಸಾಲ ಕಾಣುತ್ತದೆ. ಅಮ್ಮನ ಎರಡು ಗಂಟೆಗೆ ಬೆಲೆ ಕಟ್ಟಬೇಕೋ ಬೇಡವೋ ಎಂಬುದನ್ನು ತರಗತಿಯೇ ವಾದ ಮಾಡಿ ತೀರ್ಮಾನಿಸಲಿ. ‘ನಮ್ಮಮ್ಮ ದುಡ್ಡು ಕೇಳೋದಿಲ್ಲ’ ಎಂದು ಒಬ್ಬ ಹೇಳುತ್ತಾನೆ, ‘ಅದಕ್ಕೇ ಯಾರೂ ಕೊಡೋದೂ ಇಲ್ಲ’ ಎಂದು ಒಬ್ಬಳು ಹೇಳುತ್ತಾಳೆ. ಒಂದು ಪೀರಿಯಡ್ಡಿಗೆ ಇಷ್ಟು ಸಾಕು.

ಸಾಲಾಗಿ ಕೂತು ಕೊತ್ತಂಬರಿ ಮಾರಿದ ಎಂಟು ಮಂದಿಯ ಕಥೆ ಬೇರೆ. ಹತ್ತು ಗಂಟೆಗೆ ಕಟ್ಟಿಗೆ 10 ರೂಪಾಯಿ, ಹನ್ನೊಂದಕ್ಕೆ 5, ಊಟದ ಬೆಲ್ಲಿನ ಹೊತ್ತಿಗೆ 2. ಸಂಜೆಗೆ ಬಾಡುವ ಸರಕನ್ನು ಎಲ್ಲರೂ ಒಟ್ಟಿಗೆ ತಂದರೆ ಏನಾಗುತ್ತದೆ ಎಂದು ಟೊಮೆಟೊ ಬೆಳೆಯುವ ಅಪ್ಪಂದಿರಿಗೆ ಗೊತ್ತು. ಮಕ್ಕಳಿಗೂ ಈಗ ಗೊತ್ತಾಗಿದೆ, ಆದರೆ ಗೊತ್ತಾದದ್ದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಜಾಗ ಸಿಕ್ಕಿಲ್ಲ. ಆ ಎಂಟು ಮಂದಿಯಲ್ಲಿ ಒಬ್ಬಳು ಕೊತ್ತಂಬರಿಯ ಜೊತೆ ನಾಲ್ಕು ಹಸಿಮೆಣಸು, ಒಂದು ಚೂರು ಶುಂಠಿ ಸೇರಿಸಿ ‘ಸಾರಿನ ಕಟ್ಟು’ ಎಂದು 15ಕ್ಕೆ ಮಾರಿದ್ದರೆ, ನಾವೀನ್ಯ ಎಂಬ ದೊಡ್ಡ ಮಾತಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ.

ಎರಡಾಣೆ, ಹತ್ತು ರೂಪಾಯಿ

ಉದ್ಯಮಿಗೆ ಬೇಕಾದ ಕೌಶಲಗಳು ಎಂದು ಪುಸ್ತಕಗಳಲ್ಲಿ ಪಟ್ಟಿ ಇರುತ್ತದೆ: ನಾಯಕತ್ವ, ಸಂವಹನ, ದೂರದೃಷ್ಟಿ ಇತ್ಯಾದಿ. ಪರೀಕ್ಷೆಗೆ ಬಾಯಿಪಾಠ ಮಾಡಲು ಅನುಕೂಲ. ಒಂದೇ ಕೌಶಲ ಆರಿಸಿಕೊಳ್ಳಿ ಅಂದರೆ ನಾನು ಗಿರಾಕಿಯ ಕೈಯಲ್ಲಿ ದುಡ್ಡು ಯಾವಾಗ, ಎಷ್ಟೆಷ್ಟಾಗಿ ಬರುತ್ತದೆ ಎಂದು ಗಮನಿಸುವುದನ್ನು ಆರಿಸುತ್ತೇನೆ. ಅದಕ್ಕೆ ಎರಡು ಸಾಕ್ಷಿ ನಮ್ಮ ನಾಡಿನಲ್ಲೇ ಇವೆ.

1925ರಲ್ಲಿ ಉಡುಪಿಯಲ್ಲಿ ಒಬ್ಬ ವ್ಯಾಪಾರಿ, ಒಬ್ಬ ಎಂಜಿನಿಯರ್, ಒಬ್ಬ ವೈದ್ಯ ಸೇರಿ 8,000 ರೂಪಾಯಿ ಬಂಡವಾಳ ಹಾಕಿ ಒಂದು ಬ್ಯಾಂಕು ಕಟ್ಟಿದರು. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ. ಕರಾವಳಿಯ ಕೈಮಗ್ಗದ ನೇಕಾರರು ಸಂಕಟದಲ್ಲಿದ್ದ ಕಾಲ ಅದು. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂದು ಹೆಸರಿಟ್ಟುಕೊಂಡ ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಅವರು ಶುರುಮಾಡಿದ ಯೋಜನೆಗೆ ಪಿಗ್ಮಿ ಎಂದು ಹೆಸರು. ದಿನಗೂಲಿಯವನಿಗೆ, ಮೀನು ಮಾರುವವಳಿಗೆ, ಬೀದಿಬದಿ ವ್ಯಾಪಾರಿಗೆ ತಿಂಗಳ ಕೊನೆಗೆ ಬ್ಯಾಂಕಿಗೆ ಬಂದು ಹಣ ಕಟ್ಟಿ ಎಂದರೆ ಕಟ್ಟಲಾರರು. ತಿಂಗಳ ಕೊನೆಗೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ದುಡ್ಡು ಇರುವುದು ಆಯಾ ದಿನದ ಸಂಜೆ. ಹಾಗಾಗಿ ಬ್ಯಾಂಕಿನ ಏಜೆಂಟನೇ ಮನೆ, ಅಂಗಡಿ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಹೊಸ ಯಂತ್ರ ಇಲ್ಲ, ಪೇಟೆಂಟ್ ಇಲ್ಲ. ಸಂಜೆ ಹೊತ್ತು ಅಂಗಡಿಯಿಂದ ಅಂಗಡಿಗೆ ಓಡಾಡುವ ಪಿಗ್ಮಿಯವರನ್ನು ನಮ್ಮ ಪೇಟೆಗಳಲ್ಲಿ ಇಂದಿಗೂ ಕಾಣಬಹುದು.

ಎಪ್ಪತ್ತು ವರ್ಷದ ಹತ್ತಿರ ಕಳೆದ ಮೇಲೆ, 1995ರಲ್ಲಿ, ಹರೀಶ್ ಹಂದೆ ಅವರು ಸೆಲ್ಕೊ ಸೋಲಾರ್ ಕಂಪನಿ ಶುರುಮಾಡಿದರು. ಬಡವರು ಸೋಲಾರ್ ದೀಪ ಕೊಳ್ಳಲಾರರು ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ಬೀದಿಬದಿ ವ್ಯಾಪಾರಿಯೊಬ್ಬಳು ತನಗೆ ತಿಂಗಳಿಗೆ 300 ರೂಪಾಯಿ ಅಂದರೆ ಹೆಚ್ಚಾಯಿತು, ದಿನಕ್ಕೆ 10 ಆದರೆ ಅಡ್ಡಿಯಿಲ್ಲ ಅಂದ ಪ್ರಸಂಗವನ್ನು ಹಂದೆ ಮತ್ತೆ ಮತ್ತೆ ಹೇಳುತ್ತಾರೆ. ಮೂವತ್ತು ಹತ್ತಲಿ ಮುನ್ನೂರು ಎಂಬ ಮಗ್ಗಿ ಗೊತ್ತಿರುವ ಯಾರಿಗಾದರೂ ಇದು ಅಸಂಬದ್ಧ ಅನ್ನಿಸಬೇಕು. ದಿನದ ದುಡಿಮೆಯ ಮೇಲೆ ಬದುಕುವವರಿಗೆ ಇದರಲ್ಲಿ ಅಸಂಬದ್ಧ ಏನೂ ಇಲ್ಲ. ಗ್ರಾಮೀಣ ಬ್ಯಾಂಕುಗಳ ಸಾಲವನ್ನು ಗಿರಾಕಿಯ ದುಡಿಮೆಗೆ ಹೊಂದುವ ಕಂತುಗಳಾಗಿ ಒಡೆದು ದೀಪ ಮುಟ್ಟಿಸಿದ್ದಕ್ಕೆ 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಪಿಗ್ಮಿ ಶುರುಮಾಡಿದವರು ಮತ್ತು ಸೋಲಾರ್ ಮಾರಿದವರು ನೋಡಿದ್ದು ಒಂದನ್ನೇ: ಗಿರಾಕಿಯ ಕೈಗೆ ದುಡ್ಡು ಬರುವ ಹೊತ್ತು.

ಶಾಲೆಯ ಸಂತೆಯಲ್ಲಿ ಇದನ್ನು ಗಮನಿಸುವ ಅವಕಾಶ ಧಾರಾಳವಾಗಿದೆ. ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆ ಏನು ಖರ್ಚಾಯಿತು, ಆಮೇಲೆ ಏನು ಖರ್ಚಾಯಿತು? 20 ರೂಪಾಯಿಯ ಕೋಡುಬಳೆ ಪೊಟ್ಟಣವನ್ನು ಮುಟ್ಟಿ ನೋಡಿ ಇಟ್ಟುಹೋದ ಒಂದನೇ ತರಗತಿಯ ಪುಟಾಣಿ ಕೈಯಲ್ಲಿ ಎಷ್ಟಿತ್ತು? 5 ರೂಪಾಯಿ. ಎರಡು ಕೋಡುಬಳೆ 5 ರೂಪಾಯಿಗೆ ಅಂದಿದ್ದರೆ?

ಉಂಗುರ ಎಸೆಯುವ ದೂರ

ಉದ್ಯಮ ಅಂದರೆ ರಿಸ್ಕು, ರಿಸ್ಕು ತೆಗೆದುಕೊಳ್ಳುವವನೇ ಉದ್ಯಮಿ ಎಂಬ ಮಾತು ಎಲ್ಲ ಪ್ರೇರಣಾ ಭಾಷಣಗಳಲ್ಲೂ ಬರುತ್ತದೆ. ಆ ಭಾಷಣಕಾರರನ್ನು ಒಮ್ಮೆ ಉಂಗುರ ಎಸೆಯುವ ಆಟಕ್ಕೆ ಕರೆಯಬೇಕು.

ನೆಲದ ಮೇಲೆ ಒಂದು ಗೂಟ, ಕೈಯಲ್ಲಿ ಕೆಲವು ಉಂಗುರ. ಎಷ್ಟು ದೂರದಲ್ಲಿ ನಿಂತು ಎಸೆಯಬೇಕು ಎಂಬುದು ನಿಮ್ಮಿಷ್ಟ. ದೂರ ಹೆಚ್ಚಾದಷ್ಟೂ ಅಂಕ ಹೆಚ್ಚು. ಕೆಲವರು ಗೂಟದ ನೆತ್ತಿಯ ಮೇಲೇ ನಿಂತು ಎಲ್ಲ ಉಂಗುರಗಳನ್ನೂ ಹಾಕಿ ಕೈ ಕೊಡವಿಕೊಳ್ಳುತ್ತಾರೆ. ಕೆಲವರು ಗೋಡೆಗೆ ಬೆನ್ನು ತಾಗುವಷ್ಟು ಹಿಂದಕ್ಕೆ ಹೋಗಿ ಎಸೆದು, ಒಂದೂ ಬೀಳದಿದ್ದರೆ ‘ಅದೃಷ್ಟ ಇಲ್ಲ ಬಿಡಿ’ ಎಂದು ನಗುತ್ತಾರೆ. ಮೂರನೆಯ ಬಗೆಯವರು ನಡುವೆ ಎಲ್ಲೋ ನಿಂತು ಒಂದು ಎಸೆಯುತ್ತಾರೆ, ಬಿದ್ದರೆ ಅರ್ಧ ಹೆಜ್ಜೆ ಹಿಂದೆ, ತಪ್ಪಿದರೆ ಅರ್ಧ ಹೆಜ್ಜೆ ಮುಂದೆ. ಸಾಧಿಸುವ ಹಟ ಉಳ್ಳವರು ಹೆಚ್ಚಾಗಿ ಈ ಮೂರನೇ ಗುಂಪಿನಲ್ಲಿ ಸಿಗುತ್ತಾರೆ ಎಂದು ಹಾರ್ವರ್ಡ್‌ನ ಮನಃಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಕಂಡುಕೊಂಡರು. 1960ರ ದಶಕದಲ್ಲಿ ಅವರು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯ ಜೊತೆ ಸೇರಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಈ ಹಟ ಬೆಳೆಸುವ ತರಬೇತಿ ಕೊಟ್ಟು ಫಲ ನೋಡಿದರು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚುರುಕಾದರು ಎಂಬುದು ಅವರ ವರದಿ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಮನೆಯಲ್ಲಿ ಸಂಪ್ರದಾಯಸ್ಥರಾಗಿರುವುದು ವ್ಯಾಪಾರದ ಚುರುಕಿಗೆ ಅಡ್ಡಿಯಾಗುತ್ತದೆ ಎಂಬ ಪಾಶ್ಚಾತ್ಯರ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ.

ಭಾರತದಲ್ಲಿ ಮುಂದೆ ಬೆಳೆದ ಉದ್ಯಮಶೀಲತಾ ತರಬೇತಿಗಳಿಗೆ ಈ ಆಟಗಳು ಬಂದು ಸೇರಿಕೊಂಡವು. ಕಣ್ಣಿಗೆ ಬಟ್ಟೆ ಕಟ್ಟಿ ಎಡಗೈಯಲ್ಲಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವ ಆಟ ಇನ್ನೊಂದು. ಎಷ್ಟು ಪೇರಿಸುತ್ತೀರಿ ಎಂದು ಮೊದಲೇ ಹೇಳಬೇಕು. ‘ಹದಿನೈದು’ ಎಂದು ಘೋಷಿಸಿದವರ ಗೋಪುರ ಆರಕ್ಕೇ ಉರುಳುವುದುಂಟು. ಮಾತಿಗೂ ಕೈಗೂ ನಡುವಿನ ಅಂತರ ಎಷ್ಟೆಂದು ಅವರಿಗೆ ಅವತ್ತು ಕಾಣುತ್ತದೆ.

ಈ ಬಗೆಯ ತರಬೇತಿಗೆ ಕರ್ನಾಟಕದ ಕೊಡುಗೆ ದೊಡ್ಡದು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿಕೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ನಿರುದ್ಯೋಗಿ ಯುವಕ ಯುವತಿಯರನ್ನು ಕೆಲವು ವಾರ ಅಲ್ಲೇ ಇರಿಸಿಕೊಂಡು, ಊಟ ವಸತಿ ಉಚಿತವಾಗಿ ಕೊಟ್ಟು, ಹೊಲಿಗೆಯೋ ಮೊಬೈಲ್ ರಿಪೇರಿಯೋ ಹೈನುಗಾರಿಕೆಯೋ ಒಂದು ಕಸುಬಿನ ಜೊತೆಗೆ ವ್ಯಾಪಾರದ ಲೆಕ್ಕ, ಬ್ಯಾಂಕಿನ ವ್ಯವಹಾರ ಕಲಿಸಿ ಕಳಿಸುವುದು ಅದರ ಪದ್ಧತಿ. ತರಬೇತಿ ಮುಗಿದ ಮೇಲೂ ಹಿಂದೆ ಬಿದ್ದು ವಿಚಾರಿಸುತ್ತಾರೆ, ಇದೇ ಅದರ ಹೆಚ್ಚುಗಾರಿಕೆ. ಕೇಂದ್ರ ಸರ್ಕಾರ ಇದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಎಂದು ದೇಶವೆಲ್ಲ ಹಬ್ಬಿಸಿತು. ಉಜಿರೆಯಲ್ಲಿ ಹುಟ್ಟಿದ್ದು ದೇಶದ ನೀತಿಯಾದದ್ದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಜೋರಾಗಿ ಹೇಳಬೇಕು.

ರಿಸ್ಕಿನ ಬಗ್ಗೆಯೇ ಇನ್ನೊಂದು ಮಾತು. ಭಾರತದಲ್ಲೇ ಹುಟ್ಟಿ ಬೆಳೆದು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಸರಸ್ ಸರಸ್ವತಿ ಅವರು ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ಅವರ ಶಿಷ್ಯೆ. ಅವರು 27 ಮಂದಿ ಪಳಗಿದ ಉದ್ಯಮಿಗಳ ಮುಂದೆ ಒಂದು ಕಾಲ್ಪನಿಕ ಉತ್ಪನ್ನ ಇಟ್ಟು, ಇದನ್ನು ಹೇಗೆ ಮಾರುತ್ತೀರಿ, ಯೋಚಿಸುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗಿ ಎಂದರು. ಮಾರುಕಟ್ಟೆ ಸಮೀಕ್ಷೆ, ಐದು ವರ್ಷದ ಯೋಜನೆ ಎಂದು ಶುರುಮಾಡುತ್ತಾರೆಂದು ಪುಸ್ತಕ ಓದಿದವರು ಎಣಿಸಬಹುದಿತ್ತು. ಅವರಲ್ಲಿ ಬಹುಮಂದಿ ಸಮೀಕ್ಷೆಯನ್ನು ನಂಬಲೇ ಇಲ್ಲ. ಮೊದಲು ಗೊತ್ತಿರುವ ಯಾರಿಗಾದರೂ ಮಾರಿ ನೋಡುತ್ತೇನೆ ಎಂದರು. 2001ರಲ್ಲಿ ಪ್ರಕಟವಾದ ಸರಸ್ವತಿಯವರ ಪ್ರಬಂಧ ಇದನ್ನು ಅಡುಗೆಗೆ ಹೋಲಿಸುತ್ತದೆ. ಇವತ್ತು ಇಂಥದೇ ಅಡುಗೆ ಎಂದು ಚೀಟಿ ಬರೆದು ಸಾಮಾನು ತರಿಸುವುದು ಒಂದು ಬಗೆ, ಡಬ್ಬಿ ತೆಗೆದು ಇರುವುದರಲ್ಲಿ ಏನಾಗುತ್ತದೋ ನೋಡುವುದು ಇನ್ನೊಂದು ಬಗೆ. ಎಷ್ಟು ಗಳಿಸಬಹುದು ಎಂದು ಲೆಕ್ಕ ಹಾಕುವ ಮೊದಲು ಎಷ್ಟು ಹೋದರೆ ತಡೆದುಕೊಳ್ಳಬಲ್ಲೆ ಎಂದು ಪಳಗಿದ ಉದ್ಯಮಿಗಳು ನೋಡುತ್ತಾರೆ. ನೆಂಟರು ಬಾಗಿಲಲ್ಲಿ ನಿಂತಾಗ ನಮ್ಮ ತಾಯಂದಿರು ಮಾಡುವುದು ಎರಡನೇ ಬಗೆಯನ್ನೇ. ವಿದ್ಯಾರ್ಥಿಗೂ ಹೊಂದುವುದು ಅದೇ.

ಬಾಳೆಕಾಯಿ ಹುಡಿಯ ಪಾಠ

ನಾವೀನ್ಯ ಎಂದೊಡನೆ ಶಾಲೆಗಳಲ್ಲಿ ಯಂತ್ರದ ಕೋಣೆ ಕಣ್ಣಿಗೆ ಬರುತ್ತದೆ. 2016ರಲ್ಲಿ ಶುರುವಾದ ಅಟಲ್ ಇನೊವೇಷನ್ ಮಿಷನ್ ಅಡಿಯಲ್ಲಿ ದೇಶದ ಸುಮಾರು 10,000 ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್ ಬಂದಿದೆ. ಒಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ ಸೆನ್ಸರು, ಸರ್ಕ್ಯೂಟು, 3ಡಿ ಪ್ರಿಂಟರು ಮುಟ್ಟಿ ಕಲಿಯುವ ಅವಕಾಶ. 2025ರ ಬಜೆಟ್ಟಿನಲ್ಲಿ ಇನ್ನೂ 50,000 ಲ್ಯಾಬುಗಳ ಮಾತಿದೆ. ಒಳ್ಳೆಯದೇ. ಕೀಲಿ ಮುಖ್ಯೋಪಾಧ್ಯಾಯರ ಡ್ರಾಯರಿನಲ್ಲಿ ಭದ್ರವಾಗಿರದೆ ಲ್ಯಾಬು ದಿನಾ ತೆರೆದರೆ ಇನ್ನೂ ಒಳ್ಳೆಯದು.

ಆದರೆ ಹೊಸದು ಹುಟ್ಟುವ ದಾರಿ ಇದೊಂದೇ ಅಲ್ಲ. 2021ರ ಲಾಕ್‌ಡೌನ್ ಹೊತ್ತಿನಲ್ಲಿ ಬಾಳೆಕಾಯಿಗೆ ಕೊಯ್ಲಿನ ಕೂಲಿಯೂ ಹುಟ್ಟದಂಥ ದರ ಬಂತು. ಆಗ ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಬಾಳೆಕಾಯಿ ಹುಡಿಯ ವಿಚಾರವನ್ನು ಕೃಷಿಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಬ್ಬಿಸಿದರು. ಬಲಿತ ಕಾಯಿ ಸುಲಿದು, ತೆಳ್ಳಗೆ ಹೆಚ್ಚಿ, ಗರಿಗರಿಯಾಗಿ ಒಣಗಿಸಿ, ಮಿಕ್ಸಿಗೆ ಹಾಕಿದರೆ ಹುಡಿ. ಅದಕ್ಕೆ ಚುಟುಕಾಗಿ ‘ಬಾಕಾಹು’ ಎಂಬ ಹೆಸರೂ ಬಿತ್ತು. ಕರಾವಳಿ, ಮಲೆನಾಡು, ತುಮಕೂರು ಕಡೆಯ ಹೆಂಗಸರು ವಾರಗಳಲ್ಲಿ ಅದರಿಂದ ರೊಟ್ಟಿ, ದೋಸೆ, ತುಕ್ಕುಡಿ, ಗುಲಾಬ್ ಜಾಮೂನು ಮಾಡಿ ಫೋಟೊ ಹಾಕತೊಡಗಿದರು. ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಅದರ ಪ್ರಸ್ತಾಪ ಬಂತು.

ಇಲ್ಲಿಯವರೆಗಿನದು ನಾವೀನ್ಯ. ಉದ್ಯಮ ಶುರುವಾಗುವುದು ಇದರಾಚೆಗೆ. ಒಂದು ಕಿಲೋ ಹುಡಿಗೆ ಹತ್ತಿರ ಹತ್ತಿರ ನಾಲ್ಕೈದು ಕಿಲೋ ಕಾಯಿ ಬೇಕು. ಸುಲಿಯುವಾಗ ಕೈಗೆ ಮೇಣ ಹತ್ತುತ್ತದೆ, ಹೆಚ್ಚಿದ್ದು ತಡವಾದರೆ ಕಪ್ಪಾಗುತ್ತದೆ, ಕರಾವಳಿಯ ಮಳೆಗಾಲದಲ್ಲಿ ಬಿಸಿಲನ್ನು ನಂಬಿ ಕೂರುವ ಹಾಗಿಲ್ಲ, ಡ್ರೈಯರ್ ಬೇಕು. ಅದರ ಕರೆಂಟು ಬಿಲ್ಲು ಯಾರ ಲೆಕ್ಕ? ಪ್ಯಾಕೆಟ್ಟು ಎಷ್ಟು ತಿಂಗಳು ಕೆಡದೆ ಉಳಿಯುತ್ತದೆ? ಗೋಧಿಹಿಟ್ಟಿಗಿಂತ ಎಷ್ಟೋ ದುಬಾರಿಯಾದ ಹುಡಿಯನ್ನು ಊರಿನವರು ಯಾಕೆ ಕೊಳ್ಳಬೇಕು? ಕೊಳ್ಳುವವರು ಯಾರು, ಎಳೆಮಗುವಿನ ತಾಯಿಯೋ, ಗೋಧಿ ಒಗ್ಗದವರೋ, ಬೆಂಗಳೂರಿನ ಬೇಕರಿಯೋ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದವರು ಕೆಲವರು ಹುಡಿಯನ್ನು ಪ್ಯಾಕೆಟ್ ಮಾಡಿ ಇಂದಿಗೂ ಮಾರುತ್ತಿದ್ದಾರೆ. ಬಾಳೆ ಅಗ್ಗವಾದಾಗ ಮನೆಬಳಕೆಗೆ ಮಾಡಿಕೊಂಡು ಸುಮ್ಮನಾದವರೂ ಇದ್ದಾರೆ, ಅದರಲ್ಲೂ ತಪ್ಪೇನಿಲ್ಲ. ಒಂಬತ್ತನೇ ತರಗತಿಯ ಮಕ್ಕಳ ಮುಂದೆ ಈ ಪ್ರಶ್ನೆಗಳನ್ನು ಇಟ್ಟರೆ ವಿಜ್ಞಾನ, ಗಣಿತ, ಭೂಗೋಳ ಮೂರೂ ಒಂದೇ ಪೀರಿಯಡ್ಡಿಗೆ ಬರುತ್ತವೆ.

ಅಡಿಕೆಯದೂ ಇಂಥದೇ ಕಥೆ. ಮರ ಹತ್ತಿ ಕೊನೆ ಇಳಿಸುವ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಜನ ಸಿಗುವುದಿಲ್ಲ ಎಂಬುದು ಪ್ರತಿ ತೋಟದ ಮನೆಯ ಗೋಳು. ಬಂಟ್ವಾಳ ತಾಲ್ಲೂಕಿನ ಕೃಷಿಕ ಕೋಮಲೆ ಗಣಪತಿ ಭಟ್ಟರು ಮರ ಹತ್ತುವ ಬೈಕನ್ನೇ ತಯಾರಿಸಿದರು. 2019ರಲ್ಲಿ ಅದರ ವಿಡಿಯೊ ದೇಶವಿಡೀ ಓಡಾಡಿತು. ಇನ್ನೊಂದು ಕಡೆ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂತು. ಹಗುರ, ಗಟ್ಟಿ, ಬೆಲೆ ಮಾತ್ರ ಜೋರು. ನೆಲದ ಮೇಲೆ ನಿಂತೇ ಕೊಯ್ಲು, ನಿಂತೇ ಸಿಂಪಡಣೆ. ಎಲ್ಲ ತೋಟದವರೂ ಅಷ್ಟು ಹಣ ಹಾಕಲಾರರು ಎಂದು ಕಂಡ ಕೆಲವು ಯುವಕರು ದೋಟಿ ಕೊಂಡು, ಅಭ್ಯಾಸ ಮಾಡಿ, ತೋಟದಿಂದ ತೋಟಕ್ಕೆ ಬಾಡಿಗೆ ಕೆಲಸಕ್ಕೆ ಹೊರಟರು. ಬೈಕು ಮಾಡಿದವರನ್ನು ನಾವು ಸಂಶೋಧಕ ಎಂದು ಸನ್ಮಾನಿಸುತ್ತೇವೆ, ಸರಿ. ದೋಟಿ ಹೆಗಲಿಗೇರಿಸಿ ಹೊರಟ ಹುಡುಗನನ್ನು ಯಾವ ಕಾಲೇಜೂ ಉದ್ಯಮಶೀಲತಾ ದಿನಾಚರಣೆಗೆ ಕರೆಯುವುದಿಲ್ಲ. ಕರೆಯಬೇಕು.

ಥರ್ಮೊಕೋಲಿನ ಚೆಕ್ಕು

ಕಾಲೇಜುಗಳು ಕರೆಯುವುದು ಯಾರನ್ನು ಎಂದರೆ, ಕೋಟಿಗಟ್ಟಲೆ ಹೂಡಿಕೆ ಎತ್ತಿದವರನ್ನು. ಟೀವಿಯ ಹೂಡಿಕೆ ಷೋಗಳ ಪ್ರಭಾವ ಕಾಲೇಜುಗಳ ಮೇಲೆ ಚೆನ್ನಾಗಿಯೇ ಆಗಿದೆ. ಐಡಿಯಾ ಸ್ಪರ್ಧೆ, ಐದು ನಿಮಿಷದ ಪಿಪಿಟಿ, ಕೋಟು ತೊಟ್ಟ ತೀರ್ಪುಗಾರರು, ಗೆದ್ದವರಿಗೆ ಆಳೆತ್ತರದ ಥರ್ಮೊಕೋಲಿನ ಚೆಕ್ಕು. ಮಾತುಗಾರಿಕೆ ಬೆಳೆಯುತ್ತದೆ ಎಂಬುದು ನಿಜ. ಆದರೆ ಇಂಥ ಸ್ಪರ್ಧೆಗಳ ಸ್ಲೈಡುಗಳಲ್ಲಿ ‘ನಮ್ಮ ಗಿರಾಕಿ’ ಎಂಬ ಮಾತು ಹತ್ತು ಸಲ ಬಂದರೂ ಒಬ್ಬ ಗಿರಾಕಿಯ ಜೊತೆ ಮಾತಾಡಿದ ಕುರುಹು ಸಿಗುವುದು ಅಪರೂಪ. ಯಾರಿಗೂ ಒಂದು ರೂಪಾಯಿಯದ್ದೂ ಮಾರದೆ ಬಹುಮಾನ ಗೆಲ್ಲಬಹುದು ಎಂಬುದೇ ವಿದ್ಯಾರ್ಥಿ ಅಲ್ಲಿ ಕಲಿಯುವ ಮೊದಲ ಪಾಠವಾದರೆ ಕಷ್ಟ.

ಈ ದೃಷ್ಟಿಯಿಂದ ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2021ರಲ್ಲಿ ಶುರುವಾದ ‘ಬಿಸಿನೆಸ್ ಬ್ಲಾಸ್ಟರ್ಸ್’ ಮೆಚ್ಚಬೇಕಾದದ್ದು. 11 ಮತ್ತು 12ನೇ ತರಗತಿಯ ಮಕ್ಕಳು ತಂಡ ಕಟ್ಟಿದರೆ ತಲೆಗೆ 2,000 ರೂಪಾಯಿ ಮೂಲಧನ ಸಿಗುತ್ತಿತ್ತು. ಕೈಗೆ ನಿಜವಾದ ದುಡ್ಡು ಕೊಟ್ಟು, ನಿಜವಾದ ಬೀದಿಗೆ ಕಳಿಸಿದರು. ಹೋದರೆ ಹೋಗುವುದು ಎರಡು ಸಾವಿರ. ನಮ್ಮ ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಷನ್ ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ‘ಲೀಡ್’ ಕಾರ್ಯಕ್ರಮದಲ್ಲಿ ಉತ್ತರ ಕರ್ನಾಟಕದ ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಮೊತ್ತದ ನೆರವು ಕೊಟ್ಟು ಊರಿನ ಸಮಸ್ಯೆಯೊಂದನ್ನು ಕೈಗೆತ್ತಿಕೊಳ್ಳಲು ಬಿಡುತ್ತಾ ಬಂದಿದೆ. ಎರಡರ ಗುಟ್ಟೂ ಮೊತ್ತ ಸಣ್ಣದಾಗಿರುವುದರಲ್ಲಿದೆ.

ಅಪ್ಪ ಅಮ್ಮಂದಿರ ಹೆದರಿಕೆಯನ್ನು ಗೇಲಿ ಮಾಡುವುದು ಉದ್ಯಮಶೀಲತೆ ಬೋಧಿಸುವವರ ಇನ್ನೊಂದು ಚಾಳಿ. ‘ಸರ್ಕಾರಿ ನೌಕರಿಯ ಹುಚ್ಚು’ ಎಂದು ಜರೆಯುವುದು ಸುಲಭ. ಎರಡೆಕರೆ ಒಣಭೂಮಿಯ ಮನೆಯಲ್ಲಿ ಮಗನ ಸಂಬಳ ಎಂಬುದು ಅಜ್ಜನ ಔಷಧಿ, ತಂಗಿಯ ಕಾಲೇಜು ಫೀಸು. ಅಂಥ ಮನೆಯ ಹುಡುಗನಿಗೆ ‘ನೌಕರಿ ಬಿಡು, ಕನಸಿನ ಹಿಂದೆ ಓಡು’ ಎಂದು ವೇದಿಕೆಯಿಂದ ಹೇಳುವವರು ಅವನ ಕಂತು ಕಟ್ಟುವುದಿಲ್ಲ. ಸೋತರೆ ಮರಳಿ ಬರಲು ಒಂದು ಮನೆ, ಒಂದು ಅಂಗಡಿ, ಸಾಲ ಕೊಡುವ ಒಬ್ಬ ದೊಡ್ಡಪ್ಪ ಇರುವವನ ಧೈರ್ಯವೂ, ಏನೂ ಇಲ್ಲದವನ ಧೈರ್ಯವೂ ಒಂದೇ ಅಲ್ಲ. ಹೆಣ್ಣುಮಕ್ಕಳಿಗಂತೂ ಅಂಗಡಿ ತೆರೆಯಲು ಬಂಡವಾಳಕ್ಕಿಂತ ಮೊದಲು ಸಂಜೆ ಎಂಟರವರೆಗೆ ಹೊರಗಿರಲು ಮನೆಯವರ ಒಪ್ಪಿಗೆ ಹುಟ್ಟಬೇಕು. ವರಾನ್ವೇಷಣೆಯ ಜಾಹೀರಾತುಗಳಲ್ಲಿ ‘ಸ್ವಂತ ಉದ್ಯಮ’ಕ್ಕೆ ಯಾವ ಸಾಲಿನಲ್ಲಿ ಜಾಗ ಸಿಗುತ್ತದೆ ಎಂದು ನೋಡಿದರೂ ಸಾಕು. ಈ ಕಷ್ಟಗಳನ್ನು ಹೇಳದೆ ಉದ್ಯಮಶೀಲತೆ ಬೋಧಿಸುವುದು ಅರ್ಧ ಸತ್ಯ. ಶಾಲೆ ಕಾಲೇಜಿನ ದಿನಗಳೇ ಇದಕ್ಕೆ ತಕ್ಕ ಕಾಲ ಎನ್ನಲೂ ಇದೇ ಕಾರಣ: ಆಗ ಹೋಗುವುದು 140 ರೂಪಾಯಿ.

ಶಿಕ್ಷಕರು ಮಾಡಬಹುದಾದದ್ದಕ್ಕೆ ಹೊಸ ಆದೇಶವಾಗಲಿ ಅನುದಾನವಾಗಲಿ ಬೇಡ. ಸಂತೆಗೆ ಮುಂಚೆ ಪ್ರತಿ ಮಗುವಿನ ಕೈಗೂ ಎರಡು ಹಾಳೆಯ ಲೆಕ್ಕದ ಪುಸ್ತಕ ಕೊಡಿ. ಎಡಗಡೆ ಕೊಟ್ಟದ್ದು, ಬಲಗಡೆ ಬಂದದ್ದು. ಮನೆಯಿಂದ ತಂದದ್ದಕ್ಕೂ ಬೆಲೆ ಬರೆಯಲಿ, ಉದ್ರಿ ಕೊಟ್ಟದ್ದನ್ನು ಹೆಸರಿನ ಸಮೇತ ಬರೆಯಲಿ. ಮಾರನೇ ದಿನದ ಎರಡು ಪೀರಿಯಡ್ಡನ್ನು ಆ ಪುಸ್ತಕಕ್ಕೆ ಬಿಡಿ. ಸಾಧ್ಯವಾದರೆ ತಿಂಗಳೊಳಗೆ ಇನ್ನೊಂದು ಸಣ್ಣ ಸಂತೆ, ನೆಂಟರಿಷ್ಟರಿಲ್ಲದೆ, ವಾರದ ಸಂತೆಯ ಒಂದು ಮೂಲೆಯಲ್ಲೇ ಆದರೂ ಸರಿ. ಎರಡನೇ ಸಲ ಯಾರು ಸರಕು ಬದಲಿಸಿದರು, ಯಾರು ಬೆಲೆ ಬದಲಿಸಿದರು, ಯಾರು ಅದೇ ಕೊತ್ತಂಬರಿ ತಂದರು ಎಂದು ನೋಡಿ. ತೂಕದಲ್ಲಿ ಹೊಡೆದವನನ್ನು, ಮಜ್ಜಿಗೆಗೆ ನೀರು ಸುರಿದವಳನ್ನು ಗದರಿಸಬೇಡಿ. ಅವರ ಗಿರಾಕಿಗಳು ಎರಡನೇ ಸಂತೆಯಲ್ಲಿ ಯಾವ ಅಂಗಡಿಗೆ ಹೋದರು ಎಂದು ಅವರೇ ಎಣಿಸಲಿ.

ಶಾಲೆ ಕಾಲೇಜು ಮುಗಿಸಿ ನಿಜವಾಗಿಯೇ ಏನಾದರೂ ಶುರುಮಾಡುವ ಮನಸ್ಸಿರುವವರಿಗೆ ಒಂದಿಷ್ಟು ಮಾಹಿತಿ. 18 ತುಂಬುವ ಮೊದಲು ನಿಮ್ಮ ಹೆಸರಿನಲ್ಲಿ ಸಾಲವಾಗಲಿ ಕರಾರಾಗಲಿ ಆಗುವುದಿಲ್ಲ. ಅಲ್ಲಿಯವರೆಗೆ ಮನೆಯವರ ಅಂಗಡಿ, ತೋಟ, ಹೊಲಿಗೆ ಯಂತ್ರವೇ ನಿಮ್ಮ ಶಾಲೆ. 18 ದಾಟಿದ ಮೇಲೆ ನಿಮ್ಮ ಜಿಲ್ಲೆಯ ರುಡ್‌ಸೆಟ್ ಅಥವಾ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿ ಮುಂದಿನ ತಂಡ ಯಾವಾಗ ಎಂದು ವಿಚಾರಿಸಿ; ತರಬೇತಿ, ಊಟ, ವಸತಿಗೆ ಹಣ ಕೊಡಬೇಕಿಲ್ಲ. ಸಣ್ಣ ಉದ್ದಿಮೆಗೆ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿಕೊಳ್ಳಿ. ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ.